ಪಟ್ಟದ ರಾಜನೂ ನಮ್ಮ ಬೇಸ್‌ಮೆಂಟೂ

ಹೆಂಡತಿಯ ಮೂಗಿಗಿಂತ ಯಾರೋ ಅಪರಿಚಿತನ ವಿಡಿಯೊವನ್ನು ಹೆಚ್ಚು ನಂಬುವ ಗಂಡಸರ ಜಾತಿಗೆ ಸೇರಿದವನು ನಾನು. ಈ ಪರದೇಶದಲ್ಲಿ, ಹೇವರ್ಡ್ ಎಂಬ ಊರಿನ ಗುಡ್ಡದ ಇಳಿಜಾರಿನಲ್ಲಿ ನಾವು ಕೊಂಡ ಹಳೆಯ ಮನೆಗೆ ಬೇಸ್‌ಮೆಂಟು ಇದೆ. ಈ ಕಡೆಯ ಮನೆಗಳಿಗೆ ಅದು ಅಪರೂಪ. ಹಾಗಾಗಿ ಊಟಕ್ಕೆ ಕರೆದವರಿಗೆಲ್ಲ ಮೊದಲು ಬೇಸ್‌ಮೆಂಟಿನ ದರ್ಶನ, ಆಮೇಲೆ ಎಲೆ. ನನ್ನ ಹೆಂಡತಿ ವಸುಧಾ ಮಾತ್ರ ಕೆಳಗಿಳಿದಾಗಲೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಮೈಸೂರಿನ ಅವಳಮ್ಮ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳ ಪೆಟ್ಟಿಗೆ ಅಲ್ಲಿತ್ತು. ಅಮ್ಮ ಈಗಿಲ್ಲ. ನವರಾತ್ರಿಯಲ್ಲಿ ಆ ಮರದ ರಾಜ ರಾಣಿಯರನ್ನು ಕೂರಿಸಿದಾಗ ಮಾತ್ರ ಅವಳ ಮುಖದಲ್ಲಿ ತವರಿಗೆ ಹೋಗಿಬಂದ ಕಳೆ ಇರುತ್ತದೆ.

"ಗೋಡೆ ಥಂಡಿ ಹಿಡಿದಿದೆ ಕಣ್ರೀ. ನೀರು ಎಲ್ಲಿಂದ ಬರ್ತಿದೆ ಅಂತ ಮೊದ್ಲು ನೋಡಿ," ಎಂದಳು. "ಅದಕ್ಕೇ ಇನ್ಸುಲೇಷನ್ ಮಾಡೋದು, ನಿನಗೆ ಗೊತ್ತಾಗಲ್ಲ," ಎಂದೆ. ನೀರಿನ ದಾರಿ ತಪ್ಪಿಸದೆ ಗೋಡೆ ಮುಚ್ಚಬೇಡಿ ಎಂದು ನಾನು ನೋಡುತ್ತಿದ್ದ ಪ್ರತಿ ರಿಪೇರಿ ವಿಡಿಯೊದವನೂ ಶುರುವಿನಲ್ಲೇ ಹೇಳುತ್ತಿದ್ದ. ನಾನು ಆ ಉಪದೇಶವನ್ನು ಹಾರಿಸಿ, ಡ್ರಿಲ್ಲು ಹಿಡಿಯುವ ಜಾಗಕ್ಕೆ ಬರುತ್ತಿದ್ದೆ. ಕಾಂಕ್ರೀಟಿಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗುಲಾಬಿ ಹತ್ತಿಯಂಥ ಫೈಬರ್‌ಗ್ಲಾಸು, ಅದರ ಮೇಲೆ ಜಿಪ್ಸಮ್ ಹಲಗೆ, ಹಲಗೆಗೆ ಕೆನೆಬಣ್ಣ. ಸನ್ನಿವೇಲಿನ ಗೆಳೆಯರು ಬಂದು ಗೋಡೆ ಸವರಿ, "ಪ್ರೊಫೆಷನಲ್ ಫಿನಿಶ್ ಗುರೂ!" ಎಂದರು. ಉಬ್ಬಿಹೋದ ನಾನು ಗೊಂಬೆಪೆಟ್ಟಿಗೆಯನ್ನು ಅದೇ ಗೋಡೆಗೆ ಒತ್ತಿಟ್ಟೆ.

ನವರಾತ್ರಿಗೆ ಪೆಟ್ಟಿಗೆ ತೆರೆದಾಗ ಕಮಟು ವಾಸನೆ ಎದ್ದಿತು. ತಳದಲ್ಲಿದ್ದ ರಾಜನ ಮೈಮೇಲೆಲ್ಲ ಬೂಷ್ಟು. ಒರೆಸಿದರೆ ಮೀಸೆಯ ಜೊತೆ ಮುಖದ ಬಣ್ಣವೂ ಬಟ್ಟೆಗೆ ಬಂತು. ಪಾದ ಸೀಳಿತ್ತು. ಭಿನ್ನವಾದ ಗೊಂಬೆಯನ್ನು ಕೂರಿಸುವ ಹಾಗಿಲ್ಲ. ವಸುಧಾ ರಾಣಿಯೊಬ್ಬಳನ್ನೇ ಎತ್ತಿಕೊಂಡು ಮೇಲೆ ಹೋದಳು. ಬೈದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. ಮಗಳು ಮೆತ್ತಗಾದ ಹಲಗೆಯನ್ನು ಒತ್ತಿ ನೋಡಿ, "ಅಪ್ಪಾ, ಇಟ್ ಡಿಡಂಟ್ ಈವನ್ ರೇನ್. ಈ ವಾಲ್ ಆಚೆ ಏನಿದೆ?" ಎಂದಳು.

ಗೋಡೆಯಾಚೆ ಇದ್ದದ್ದು ನನ್ನ ಕರಿಬೇವು. ನಮ್ಮವರಲ್ಲಿ ಕಂಪನಿಯ ಡೈರೆಕ್ಟರ್ ಆದವನಿಗಿಂತ ಇಲ್ಲಿನ ಚಳಿಯಲ್ಲಿ ಕರಿಬೇವು ಬೆಳೆಸಿದವನಿಗೆ ಮರ್ಯಾದೆ ಜಾಸ್ತಿ. ಗೋಡೆಯ ಶಾಖ ಸಿಗಲೆಂದು ಅದನ್ನು ಅಲ್ಲೇ ನೆಟ್ಟು, ಬುಡಕ್ಕೆ ಮಣ್ಣು ಏರಿಸಿ, ಬೇಸಿಗೆಯುದ್ದಕ್ಕೂ ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ, ಅದೂ ಸಾಲದೆಂದು ಪೈಪಿನ ನೀರು ಕುಡಿಸಿದ್ದೆ. ಹೊರಗಿನಿಂದ ನಾನೇ ನೆನೆಸಿದ ಗೋಡೆಯನ್ನು ಒಳಗಿನಿಂದ ನಾನೇ ಒಣಗದಂತೆ ಕಟ್ಟಿಹಾಕಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅದೇ ದಿನ ಗಿಡ ಕಿತ್ತೆ.

ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದ ಸಂಜೆ, ಮೇಲೆ ರಾಣಿ ಒಬ್ಬಳೇ ಕೂತಿದ್ದಳು. ಕೆಳಗೆ ನಾನು ಒದ್ದೆ ಹಲಗೆ ಕೀಳುತ್ತಿದ್ದೆ. ಒಬ್ಬಾಕೆ ಮೆಟ್ಟಿಲಿಳಿದು ಬಂದು, "ಏನ್ರೀ, ರಾಜ ಎಲ್ಲಿ ಅಂದ್ರೆ ನಿಮ್ಮನ್ನೇ ಕೇಳಿ ಅಂದ್ರು ವಸುಧಾ," ಎಂದರು. ಹಾಳು ಮಾಡಿದೆ ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ. ಕಾಂಕ್ರೀಟು ತೇವ ಹೀರುವ ಬಗೆ, ಪ್ಲಾಸ್ಟಿಕ್ಕಿನ ಹಿಂದೆ ಅದು ಸಿಕ್ಕಿಬೀಳುವ ಬಗೆ, ಎಲ್ಲವನ್ನೂ ಸುತ್ತಿಗೆ ಆಡಿಸುತ್ತ ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿ, "ಅಬ್ಬಾ, ನಿಮಗೆಷ್ಟು ಗೊತ್ತು!" ಎಂದರು. ಮೆಟ್ಟಿಲ ತುದಿಯಲ್ಲಿ ಕುಂಕುಮದ ತಟ್ಟೆ ಹಿಡಿದು ಕೇಳುತ್ತ ನಿಂತಿದ್ದ ವಸುಧಾ ಬಾಗಿಲು ಎಳೆದುಕೊಂಡಳು.