ಏಕಾದಶಿಯ ಹಾಳೆಯ ಮೇಲೆ ಬರೆದ ಬಿಲ್ಲು

ನನ್ನ ನೆನಪಿಗೊಂದು ಕೆಟ್ಟ ಚಾಳಿಯಿದೆ: ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಎಂ.ಎ. ಓದಿದವನಿಗೆ ಇಂಥ ಸಾಕ್ಷಿಯ ಮೇಲೆ ಸಂಶಯ ಬರಬೇಕು, ಬಂದಿದೆ. ಅದಕ್ಕೇ ದಿನಚರಿ ಬರೆಯುತ್ತೇನೆ. ಅನಗೋಳದಲ್ಲಿ ಮಿಕ್ಸರ್, ಗ್ರೈಂಡರ್ ಮಾರುವವರಲ್ಲಿ ದಿನಚರಿ ಬರೆಯುವವನು ನಾನೊಬ್ಬನೇ ಎಂಬ ಹೆಮ್ಮೆಯೂ ಉಂಟು. ಅದಕ್ಕಿಂತ ದೊಡ್ಡ ಹೆಮ್ಮೆಯೆಂದರೆ, ನಾನು ಪಕ್ಕಾ ಬಿಲ್ಲು ಕೊಟ್ಟು ತೆರಿಗೆ ತಪ್ಪದೆ ಕಟ್ಟುವವನು. ಜಿಎಸ್‌ಟಿ ಪ್ರಮಾಣಪತ್ರಕ್ಕೆ ಫ್ರೇಮ್ ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿ ದಿನಾ ಒರೆಸುತ್ತೇನೆ. ಆ ಮೊಳೆಯಲ್ಲಿ ಮೊದಲು ನನ್ನ ಎಂ.ಎ. ಪದವಿಪತ್ರವಿತ್ತು. ಅದನ್ನು ಗಮನಿಸಿದ ಗ್ರಾಹಕರು ಒಬ್ಬರೇ.

ಖಾನಾಪುರದ ವ್ಯಾಪಾರಸ್ಥರು 'ನಾನೇಕೆ ತೆರಿಗೆ ಕಟ್ಟುತ್ತೇನೆ' ಎಂದು ನಾಲ್ಕು ಮಾತಾಡಲು ಕರೆದರು. ರಸ್ತೆ, ಶಾಲೆ, ಕ್ಯಾಂಪಿನ ಸೈನಿಕರು, ಎಲ್ಲರನ್ನೂ ಸೇರಿಸಿ ಭಾಷಣ ಬರೆದೆ. ಹೆಂಡತಿಗೆ ಓದಿ ಹೇಳುವಾಗ ನನ್ನ ಕಣ್ಣೇ ಒದ್ದೆಯಾಯಿತು. ಯಾವುದಕ್ಕೂ ಇರಲೆಂದು, ಜಿಎಸ್‌ಟಿ ನೋಂದಣಿ ಮಾಡಿಸಿದ ವಾರದ ದಿನಚರಿ ತೆಗೆದು ನೋಡಿದೆ. ಅದರಲ್ಲಿ ದೇಶವೇ ಇರಲಿಲ್ಲ. ಸಕೀನಾ ಚಾಚಿ ಇದ್ದರು.

ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನಲ್ಲಿ ದೋಸೆ ಹಿಟ್ಟು ಮಾರುವ ಈ ಚಾಚಿ ಅಂದು ಗ್ರೈಂಡರ್ ಕೊಳ್ಳಲು ಬಸ್ಸು ಹಿಡಿದು ಬಂದಿದ್ದರು. ನಾನು ಎಂದಿನಂತೆ ಕ್ಯಾಲೆಂಡರಿನ ಹಳೇ ಹಾಳೆ ಹರಿದು ಅದರ ಹಿಂದೆ ರೇಟು ಬರೆದುಕೊಟ್ಟೆ. ಚಾಚಿ ಅದನ್ನು ತಿರುವಿ ನೋಡಿದರು.

"ಸಾವಕಾರ್ರ, ಇದರಾಗ ಏಕಾದಶಿ ಯಾವತ್ತ ಅಂತ ಐತಿ, ನಿಮ್ಮ ಅಂಗಡಿ ಹೆಸರ ಇಲ್ಲ. ನಾಳಿ ಮಷೀನ್ ನಿಂತ್ರ ಯಾರನ್ನ ಕೇಳ್ಲಿ, ದೇವರನ್ನೇನ್ರಿ?"

ನಂಬಿಕೆ ಇರಲಿ ಎಂದೆ. ಚಾಚಿ ಗೋಡೆಯ ಮೇಲಿನ ಪದವಿಪತ್ರದತ್ತ ನೋಡಿದರು. "ಇಷ್ಟ ಓದೀರಿ. ಒಂದ ಬಿಲ್ ಬರ್ಯಾಕ ಬರೂದಿಲ್ಲೇನ್ರಿ?" ಎಂದವರೇ ಎದುರಂಗಡಿಗೆ ನಡೆದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಗ್ರೈಂಡರ್ ಆಟೋ ಏರಿತು, ಬಿಲ್ಲು ಚಾಚಿಯ ಚೀಲ ಸೇರಿತು. ನಾನು ಮರುದಿನವೇ ನೋಂದಣಿಗೆ ಓಡಿದೆ.

ಈಗ ಖಾನಾಪುರದಲ್ಲಿ ಯಾವುದನ್ನು ಹೇಳುವುದು? ಭಾಷಣ ಓದಿದರೆ ಮಾನ ಉಳಿಯುತ್ತದೆ, ದಿನಚರಿ ಓದಿದರೆ ಹೋಗುತ್ತದೆ. ವೇದಿಕೆ ಹತ್ತಿದ ನಾನು ಭಾಷಣವನ್ನು ಜೇಬಿನಿಂದ ತೆಗೆಯಲೇ ಇಲ್ಲ. ಏಕಾದಶಿಯ ಹಾಳೆಯ ಕತೆಯನ್ನು ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಜನ ನಕ್ಕರು, ಆಮೇಲೆ ಜೋರಾಗಿ ಚಪ್ಪಾಳೆ ತಟ್ಟಿದರು. ಎದೆಯುಬ್ಬಿಸಿ ಮನೆಗೆ ಬಂದು, 'ಇಂದು ತುಂಬಿದ ಸಭೆಯಲ್ಲಿ ಧೈರ್ಯದಿಂದ ಸತ್ಯ ನುಡಿದೆ' ಎಂದು ಬರೆದೆ. ಹಿಂದೆ ನಿಂತು ಓದಿದ ಹೆಂಡತಿ, "ಸಭಾಕ್ಕ ಚಾಚಿನೂ ಬಂದಿದ್ರೇನ್ರಿ?" ಎಂದು ಕೇಳಿದಳು.

ಬಂದಿದ್ದರು. ಹಿಟ್ಟು ಮಾರುವ ಅವರೂ ವ್ಯಾಪಾರಸ್ಥರೇ ತಾನೆ. ಮೊದಲ ಸಾಲಿನಲ್ಲಿ, ನನ್ನ ಎದುರಿಗೇ ಕೂತಿದ್ದರು. ಅದನ್ನು ಬರೆಯಲು ಆ ಪುಟದಲ್ಲಿ ಜಾಗವಿರಲಿಲ್ಲ ಎಂದೇ ನನ್ನ ನೆನಪು.