ಹನ್ನೆರಡರಿಂದ ನಾಲ್ಕರವರೆಗಿನ ಕಾವಲು

ನಮ್ಮ ಸೋದರಮಾವ ಪರ್ಷಿಯನ್ ಕೊಲ್ಲಿಯನ್ನು ಗುಬ್ಬಿಯ ತನ್ನ ಮನೆಯ ತಾರಸಿಯಿಂದಲೇ ಕಾಯುತ್ತಿದ್ದ ಎಂದರೆ ನೀವು ನಗುತ್ತೀರಿ. ನಾವೂ ನಗುತ್ತಿದ್ದೆವು.

ಮಾವ ಎಂಟು ವರ್ಷ ಎಣ್ಣೆ ಸಾಗಿಸುವ ಹಡಗಿನಲ್ಲಿ ಖಲಾಸಿಯಾಗಿದ್ದವನು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಬಿಟ್ಟು ಬಂದು ಊರಿನ ಪೆಟ್ರೋಲ್ ಬಂಕಿಗೆ ಸೇರಿಕೊಂಡ. ಎಣ್ಣೆಯ ನಂಟು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಸ್ಕೂಟರಿನವರು ಬಂದರೆ ಪೈಪು ಕೈಯಲ್ಲಿ ಹಿಡಿದುಕೊಂಡೇ ವಿಚಾರಣೆ ನಡೆಸುತ್ತಿದ್ದ.

“ಹಾಕ್ತೀನಿ ಸಾರ್. ಈ ಎಣ್ಣೆನ ಅಲ್ಲಿಂದ ಇಲ್ಲಿಗಂಟ ಕಾಯ್ಕಂಡು ಬಂದೋರು ಯಾರು, ಹೇಳಿ ನೋಡಾನ.”

“ಲಾರಿ ಡ್ರೈವರ್ರು ಕಣಯ್ಯ. ಬೇಗ ಹಾಕು, ಆಫೀಸಿಗೆ ಲೇಟಾಯ್ತು.”

ಕೊನೆಗೆ ಬಂಕಿನ ಓನರ್ ಅವನನ್ನು ಟೈರಿಗೆ ಗಾಳಿ ತುಂಬುವ ಕಡೆ ಹಾಕಿದರು. ಅಲ್ಲಿ ಕಂಪ್ರೆಸರ್ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.

ಕುವೈತ್ ಯುದ್ಧದ ದಿನಗಳಲ್ಲಂತೂ ಹೋಟೆಲಿನಲ್ಲಿ ಅವನನ್ನು ತಡೆಯುವವರಿರಲಿಲ್ಲ. ರಿಟೈರ್ಡ್ ಮೇಷ್ಟ್ರೊಬ್ಬರು ಪೇಪರ್ ಓದಿ, “ಮಿತ್ರರಾಷ್ಟ್ರಗಳೆಲ್ಲ ಭಾರ ಹಂಚ್ಕೋಬೇಕು ಅಂತ ಅಮೆರಿಕದೋರು ಹೇಳವ್ರೆ,” ಅಂದರು. ಮಾವ ಇಡ್ಲಿ ಬಿಟ್ಟು ಎದ್ದ.

“ಒಬ್ಬ ಹಡಗು ಕೊಡ್ತಾನೆ, ಒಬ್ಬ ದುಡ್ಡು ಕೊಡ್ತಾನೆ, ಇನ್ನೊಬ್ಬ ಬಂದು ಫೋಟೋ ತೆಗಿಸ್ಕಂಡು ಹೋಯ್ತಾನೆ. ಡೆಕ್ ಮೇಲೆ ಬಿಸ್ಲಲ್ಲಿ ನಿಂತ್ಕಳೋನು ಯಾರು ಮೇಷ್ಟ್ರೇ?”

“ಯಾರಪ್ಪ?”

“ಯಾವ ಲೆಕ್ಕಕ್ಕೂ ಬರ್ದೇ ಇರೋನು,” ಎಂದು ಕೂತು ಇಡ್ಲಿ ಮುಂದುವರಿಸಿದ.

ನಾನಾಗ ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ರಜೆ ಸಿಕ್ಕಿದರೆ ಗುಬ್ಬಿಯ ಬಸ್ಸು. ಭಾನುವಾರ ಮಧ್ಯಾಹ್ನ ಹನ್ನೆರಡಾದರೆ ಮಾವ ತಲೆಗೆ ಟವೆಲ್ ಸುತ್ತಿಕೊಂಡು ತಾರಸಿ ಹತ್ತುತ್ತಿದ್ದ. ನಾಲ್ಕರವರೆಗೆ ಇಳಿಯುತ್ತಿರಲಿಲ್ಲ.

“ಉಣ್ಣಾಕೆ ಕರುದ್ರೆ ಡ್ಯೂಟಿ ಅಂತಾರೆ ಕಣೇ,” ಎಂದು ಅತ್ತೆ ಎರಡು ಲೋಟ ಮಜ್ಜಿಗೆ ನನ್ನ ಕೈಗಿತ್ತಳು. “ಎರಡು ಯಾಕತ್ತೆ?” ಎಂದೆ. “ಅದ್ನೂ ಅವ್ರನ್ನೇ ಕೇಳು.”

ಮೇಲೆ ಹೋದೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ತೆಂಗಿನ ತೋಟಗಳ ಮೇಲೆ ಬಿಸಿಲು ನೀರಿನ ಹಾಗೆ ಕದಲುತ್ತಿತ್ತು. ಮಾವ ತಾರಸಿಯ ಮೋಟುಗೋಡೆಯ ಬಲಕ್ಕೆ ಸರಿದು, ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, ಆ ಜಾಗದ ಕಡೆ ಮೆಲ್ಲಗೆ ಏನೋ ಹೇಳುತ್ತಿದ್ದ. ಒಂದು ಲೋಟ ಕುಡಿದ. ಇನ್ನೊಂದನ್ನು ಎಡಗಡೆ ಗೋಡೆಯ ಮೇಲಿಟ್ಟ. ನಾನು ಒಣಗಿದ ಬಟ್ಟೆ ತೆಗೆದುಕೊಂಡು ತಿರುಗುವಷ್ಟರಲ್ಲಿ ಅದು ಖಾಲಿ. ಮಾವ ಅಲ್ಲಾಡಿರಲಿಲ್ಲ. ಕಾಗೆ ಕುಡಿದಿರಬೇಕು ಅಂದುಕೊಂಡೆ. ಆ ಬಿಸಿಲಿನಲ್ಲಿ ಕಾಗೆ ಎಲ್ಲಿತ್ತು?

ಮುಂದಿನ ತಿಂಗಳು ನೆಂಟರ ಮನೆಯ ನಾಮಕರಣಕ್ಕೆಂದು ಕಡಬಕ್ಕೆ ಹೋದೆವು. ಕೆರೆ ಏರಿಯ ಮೇಲೆ ನಡೆಯುತ್ತಿದ್ದ ಮಾವ ಇದ್ದಕ್ಕಿದ್ದಂತೆ ಕೈ ಅಡ್ಡ ಹಿಡಿದ. ನೀರಲ್ಲಿ ಕರ್ರಗೆ, ದುಂಡಗೆ ಏನೋ ತೇಲುತ್ತಿತ್ತು. “ಯಾರೂ ಮುಂದಕ್ಕೆ ಬರ್ಬೇಡಿ. ಸಿಡೀತದೆ.”

ಎಮ್ಮೆ ತೊಳೆಯುತ್ತಿದ್ದವನು ಈಜಿ ಹೋಗಿ ಅದನ್ನು ಎತ್ತಿ ತೋರಿಸಿದ. ಮಡಕೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ಮಾತ್ರ ತನ್ನ ಎಡಕ್ಕೆ ತಿರುಗಿ, “ಮಡಕೆ ಅಂತೆ,” ಎಂದ. ಆಮೇಲೆ, ಯಾರೋ ಉತ್ತರ ಕೊಟ್ಟಂತೆ, ಸರಿ ಎಂದು ತಲೆಯಾಡಿಸಿದ. ನಾನು ನಗು ನಿಲ್ಲಿಸಿ ಅವನ ಎಡಗಡೆ ನೋಡಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ. “ಯಾರು ಮಾವ ಅದು?”

“ಕಾರವಾರದ ಕಡೆಯೋನು ಕಣವ್ವ, ನನ್ ಜತೆ ಹಡಗಲ್ಲಿದ್ದ. ಅಲ್ಲಿ ಇರಾನು ಇರಾಕು ಕಿತ್ತಾಡ್ತಿದ್ದ ಕಾಲ. ಕಾವಲು ಹಡಗಿನೋರು ಅವರವರ ಬಾವುಟದ ಹಡಗುಗಳ್ನ ಕರ್ಕಂಡು ಹೋದ್ರು. ನಮ್ದು ಯಾವ್ದೋ ಸಣ್ಣ ದೇಶದ ಬಾವುಟ. ‘ನೀವು ನಮ್ಮೋರಲ್ಲ’ ಅಂದ್ರು. ನೀರಲ್ಲಿ ಬಾಂಬ್ ತೇಲ್ತಾವಾ ಅಂತ ನಾವೇ ಕಾಯ್ಬೇಕು. ಹನ್ನೆರಡರಿಂದ ನಾಲ್ಕು ನನ್ ಪಾಳಿ. ಅವತ್ತು ನಂಗೆ ಜ್ವರ ಬಂದಿತ್ತು. ‘ನೀ ಮಲಗು, ನಿನ್ ಪಾಳಿ ನಾ ನಿಲ್ತೆ, ನಾಲ್ಕಕ್ಕೆ ಎಬ್ಬಿಸ್ತೆ’ ಅಂದ ಅವ್ನು.”

“ಆಮೇಲೆ?”

“ಎಬ್ಬಿಸಿದ್ದು ಅವನಲ್ಲ. ಸದ್ದು.”

ಮರುದಿನ ಭಾನುವಾರ. ಹನ್ನೆರಡಕ್ಕೆ ಮಾವನ ಹಿಂದೆಯೇ ತಾರಸಿ ಹತ್ತಿದೆ. “ಮಾವ, ಇವತ್ತು ನಿನ್ ಪಾಳಿ ನಂಗೆ ಬುಡು. ನೀನು ಮಲಕ್ಕೋ.”

ಮಾವ ಎಡಗಡೆ ನೋಡಿದ, ಅಪ್ಪಣೆ ಕೇಳುವವನಂತೆ. ಆಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಟವೆಲ್ ಹಾಸಿಕೊಂಡು ಮಲಗಿದವನು ಮಗುವಿನ ಹಾಗೆ ನಿದ್ದೆ ಹೋದ. ನಾನು ಅವನ ಜಾಗದಲ್ಲಿ ನಿಂತು ತೋಟಗಳನ್ನು ಕಾದೆ. ಸುಡುವ ಬಿಸಿಲಲ್ಲೂ ಎಡತೋಳು ಮಾತ್ರ ನಾಲ್ಕು ಗಂಟೆಯೂ ತಣ್ಣಗಿತ್ತು.

ನಾಲ್ಕಕ್ಕೆ ಅವನ ಭುಜ ಮುಟ್ಟಿದೆ. “ಮಾವ, ಟೈಮಾಯ್ತು. ಏಳು.”

ಕಣ್ಣು ಬಿಟ್ಟು ನನ್ನನ್ನೇ ನೋಡಿದ. “ಏನೂ ಬರ್ಲಿಲ್ವಾ?”

“ಏನೂ ಬರ್ಲಿಲ್ಲ.”

ಕಣ್ಣೊರೆಸಿಕೊಂಡು ಎದ್ದ. ಮೆಟ್ಟಿಲ ಬಳಿ ಒಂದು ಕ್ಷಣ ಪಕ್ಕಕ್ಕೆ ಸರಿದು, ಯಾರಿಗೋ ಮೊದಲು ಇಳಿಯಲು ದಾರಿ ಬಿಟ್ಟ. ನಾನೂ ಸರಿದು ನಿಂತೆ.