ಕ್ವಾರ್ಟರ್‌ಬ್ಯಾಕ್ ಅಳಿಯ

ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್‌ನ ನಮ್ಮ ಬೀದಿಯಲ್ಲಿ ಬೇರೆಯವರ ಅಳಿಯಂದಿರು ಲ್ಯಾಪ್‌ಟಾಪು ಹಿಡಿದು ಆಫೀಸಿಗೆ ಹೋಗಿ ಬರ್ತಾರೆ. ಅವರ ಮನೆಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯೋದಿಲ್ಲ. ನಮ್ಮ ಅಳಿಯ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ, ಹಾಗಾಗಿ ನಮ್ಮಲ್ಲಿ ಏನಾದರೊಂದು ನಡೆಯುತ್ತಲೇ ಇತ್ತು. ನಡೆಯುವಾಗ ಜೀವ ಬಾಯಿಗೆ ಬರುತ್ತಿತ್ತು, ನಗು ಬಂದದ್ದು ಆಮೇಲೆ. ಈಗ ಅವನು ಆಟ ಬಿಟ್ಟಿದ್ದಾನೆ. ನೆಮ್ಮದಿಯಾಗಿ ಹೇಳಬಹುದು.

ಹುಡುಗ ಏನು ಮಾಡ್ತಾನೆ?

ಮಗಳು ಕಾಲೇಜಿನಲ್ಲಿದ್ದಾಗ ಒಂದು ಸಲ ರಜಕ್ಕೆ ಮನೆಗೆ ಬಂದು, ನಮ್ಮ ಕಾಲೇಜು ಟೀಮಿನ ಕ್ವಾರ್ಟರ್‌ಬ್ಯಾಕನ್ನು ಮದುವೆಯಾಗ್ತೀನಿ ಅಂದಳು. ನನ್ನ ಹೆಂಡತಿ ಮೈಸೂರಿನಲ್ಲಿರುವ ತನ್ನ ಅಣ್ಣನಿಗೆ ಫೋನು ಹಚ್ಚಿದಳು. ಹುಡುಗ ಅಮೆರಿಕದವನು ಅಂದಾಗ ಅಣ್ಣ ಹೂಂ ಅಂದರು. ಮಾಂಸ ತಿಂತಾನೆ ಅಂದಾಗಲೂ ಹೂಂ ಅಂದರು. ಕ್ವಾರ್ಟರ್ ಅಂದ ಕೂಡಲೇ ತಡೆದರು. ಮೈಸೂರಿನಲ್ಲಿ ಕ್ವಾರ್ಟರ್ ಸಿಗೋದು ವೈನ್ ಶಾಪಿನಲ್ಲಿ.

ಅದು ಆಟದಲ್ಲಿ ಒಂದು ಜಾಗದ ಹೆಸರು, ಚೆಂಡು ಎಸೆಯುವವನನ್ನು ಹಾಗೆ ಕರೀತಾರೆ, ಟೀಮಿಗೆಲ್ಲ ಅವನೇ ಮುಖ್ಯ ಅಂತ ಇವಳು ಬಿಡಿಸಿ ಬಿಡಿಸಿ ಹೇಳಿದಳು. ಕೊನೆಗೆ ಅಣ್ಣ, ಫೋನು ಭಾವನ ಕೈಗೆ ಕೊಡು ಅಂದರು.

"ಭಾವ, ನಿಜ ಹೇಳಿ. ಕುಡೀತಾನಾ?"

ಆಟಕ್ಕೋಸ್ಕರ ಒಂದು ತೊಟ್ಟೂ ಮುಟ್ಟೋದಿಲ್ಲ ಅಂದೆ. ಆ ಕಡೆಯಿಂದ ದೊಡ್ಡ ಉಸಿರು ಕೇಳಿಸಿತು.

"ಹಾಗಾದ್ರೆ ಮದುವೆ ಮಾಡಿ. ಲಗ್ನಪತ್ರಿಕೇಲಿ ಮಾತ್ರ ಆ ಕೆಲಸದ ಹೆಸರು ಹಾಕಿಸ್ಬೇಡಿ."

ಮಾತು ಕೇಳುವ ಹುಡುಗ

ಮದುವೆಗೆ ಮುಂಚೆ ಅವನ ಆಟ ಒಂದನ್ನಾದರೂ ನೋಡಬೇಕು ಅಂತ ಮಗಳು ನಮ್ಮನ್ನು ಕಾಲೇಜಿನ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋದಳು. ನಮಗೆ ಆಟದ ತಲೆಬುಡ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದೇ: ಚೆಂಡು ನಮ್ಮ ಹುಡುಗನ ಕೈಗೆ ಬಂದ ತಕ್ಷಣ ಬೀರುವಿನಂಥ ಗಂಡಸರು ಅವನನ್ನು ಕೆಡವೋಕೆ ಓಡಿ ಬರ್ತಾರೆ.

ಒಂದೆರಡು ಸಲ ಕೆಡವಿದರು. ನನ್ನ ಹೆಂಡತಿಗೆ ಕೂತಿರೋಕೆ ಆಗಲಿಲ್ಲ. ಎದ್ದು ನಿಂತು ಕನ್ನಡದಲ್ಲೇ ಕೂಗಿದಳು, "ಆ ಚೆಂಡು ಅವರಿಗೇ ಕೊಟ್ಟುಬಿಡಪ್ಪ."

ಅವನು ಎಸೆದ. ಚೆಂಡು ನೆಟ್ಟಗೆ ಹೋಗಿ ಎದುರು ಟೀಮಿನವನ ಕೈಗೆ ಬಿತ್ತು. ಕ್ವಾರ್ಟರ್‌ಬ್ಯಾಕ್ ಆದವನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲವಂತೆ. ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ತಲೆಮೇಲೆ ಕೈ ಹೊತ್ತುಕೊಂಡಿತು. ಮಗಳು ಮುಖ ಮುಚ್ಚಿಕೊಂಡಳು. ಅಷ್ಟು ಜನರಲ್ಲಿ ಚಪ್ಪಾಳೆ ತಟ್ಟಿದವಳು ನನ್ನ ಹೆಂಡತಿ ಒಬ್ಬಳೇ.

ಕೂತುಕೊಂಡು ನನ್ನ ಕಡೆ ತಿರುಗಿ ಹೇಳಿದಳು, "ಒಳ್ಳೆ ಹುಡುಗ ರೀ. ಹೇಳಿದ ಮಾತು ಕೇಳ್ತಾನೆ."

ಯಾರ ಹೆಸರಲ್ಲಿ ಅರ್ಚನೆ?

ಕಾಲೇಜು ಮುಗಿದ ಮೇಲೆ ಅವನನ್ನು ಒಂದು ದೊಡ್ಡ ಟೀಮು ತೆಗೆದುಕೊಂಡಿತು, ಎರಡನೇ ಕ್ವಾರ್ಟರ್‌ಬ್ಯಾಕಾಗಿ. ಅಂದರೆ ಮೊದಲನೆಯವನಿಗೆ ಏನಾದರೂ ಆದರೆ ಮಾತ್ರ ಇವನು ಮೈದಾನಕ್ಕೆ ಇಳಿಯಬೇಕು. ಇಲ್ಲದಿದ್ದರೆ ಟೋಪಿ ಹಾಕಿಕೊಂಡು ಗೆರೆಯಾಚೆ ನಿಂತಿರಬೇಕು. ಪಾಪ ಅವನಿಗೆ ಅದು ಬೇಸರ. ನನ್ನ ಹೆಂಡತಿಗೆ ಮಾತ್ರ ಇಂಥ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ ಅನ್ನಿಸಿತು. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿನಲ್ಲಿ ಯಾರಾದರೂ, ಈ ವಾರ ಅಳಿಯ ಆಡಿದ್ರಾ ಅಂತ ಕೇಳಿದರೆ, ಇಲ್ಲ, ದೇವರು ದೊಡ್ಡವನು ಅನ್ನುತ್ತಿದ್ದಳು.

ಒಂದು ಶನಿವಾರ ದೇವಸ್ಥಾನದಲ್ಲಿ ಅರ್ಚನೆಗೆ ಅವಳು ಕೊಟ್ಟದ್ದು ಅಳಿಯನ ಹೆಸರಲ್ಲ, ಮೊದಲನೇ ಕ್ವಾರ್ಟರ್‌ಬ್ಯಾಕಿನ ಹೆಸರು. ಅರ್ಚಕರು ಅಭ್ಯಾಸಬಲದಿಂದ ಗೋತ್ರ ಕೇಳಿದರು. ಗೊತ್ತಿಲ್ಲ ಅಂದಳು. ನಕ್ಷತ್ರ ಕೇಳಿದರು. ಅದೂ ಗೊತ್ತಿಲ್ಲ. ನಿಮಗೇನಾಗಬೇಕು ಅಂತ ಕೇಳಿದ್ದಕ್ಕೆ, ಅವರು ಆರೋಗ್ಯವಾಗಿದ್ರೆ ನಮ್ಮ ಅಳಿಯ ಕ್ಷೇಮವಾಗಿರ್ತಾನೆ ಅಂದಳು.

ಅರ್ಚಕರು ಕಾಶ್ಯಪ ಗೋತ್ರ ಅಂತ ಸೇರಿಸಿ ಪೂಜೆ ಮುಗಿಸಿದರು. ತೀರ್ಥ ಕೊಡುವಾಗ ಬಗ್ಗಿ ಮೆಲ್ಲಗೆ ಹೇಳಿದರು, "ಬಲಗೈ ಭುಜಕ್ಕೆ ಬೇರೆಯಾಗೇ ಪ್ರಾರ್ಥನೆ ಮಾಡಿದ್ದೀನಮ್ಮ. ಹೋದ ವಾರ ಅವನ ಎಸೆತ ಏನೂ ಸರಿ ಇರಲಿಲ್ಲ."

ಅಮ್ಮಂಗೆ ಹೇಳ್ಬೇಡ

ದೇವರು ಎಷ್ಟು ವಾರ ಅಂತ ಕಾಯ್ತಾನೆ? ಒಂದು ಭಾನುವಾರ ಮೊದಲನೆಯವನ ಪಾದ ಉಳುಕಿತು, ಅಳಿಯ ಇಳಿದ. ಚೆನ್ನಾಗಿಯೇ ಆಡಿದ. ಆಮೇಲೆ ಬೆಟ್ಟದಂಥವನೊಬ್ಬ ಅವನ ಮೇಲೆ ಬಿದ್ದ. ನಾವು ಟೀವಿ ಮುಂದೆ ಕೂತಿದ್ದೆವು. ಅವನು ಏಳಲಿಲ್ಲ. ನನ್ನ ಹೆಂಡತಿ ನನ್ನ ತೋಳು ಹಿಡಿದದ್ದು ಇವತ್ತಿಗೂ ನೆನಪಿದೆ. ಕೊನೆಗೆ ಇಬ್ಬರು ಹಿಡಿದೆಬ್ಬಿಸಿ ಒಳಗೆ ಕರೆದುಕೊಂಡು ಹೋದರು.

ಒಳಗೆ ನಡೆದದ್ದನ್ನು ಮಗಳು ಹೇಳಿದ್ದು ಆಮೇಲೆ. ಅಷ್ಟು ಹೊತ್ತಿಗೆ ಅವಳು ಡಾಕ್ಟರಾಗಿದ್ದಳು. ಸ್ಟೇಡಿಯಮ್ಮಿನಲ್ಲೇ ಇದ್ದವಳು ಓಡಿ ಹೋದಾಗ, ಟೀಮಿನ ಡಾಕ್ಟರು ತಲೆಗೆ ಪೆಟ್ಟಾಗಿದೆಯೋ ಅಂತ ಪ್ರಶ್ನೆ ಕೇಳುತ್ತಿದ್ದರು. ಇದು ಯಾವ ಊರು, ಯಾವ ರಾಜ್ಯ, ಎದುರು ಟೀಮು ಯಾವುದು. ಎಲ್ಲಕ್ಕೂ ಸರಿಯಾದ ಉತ್ತರ. ಇನ್ನೇನು ಮತ್ತೆ ಆಡೋಕೆ ಕಳಿಸುವವರಿದ್ದರು. ಅಷ್ಟರಲ್ಲಿ ಅಳಿಯ ಹೆಂಡತಿಯನ್ನು ನೋಡಿದ. ಗಂಡ ಹೆಂಡತಿ ಗುಟ್ಟಿನ ಮಾತಿಗೆ ಕನ್ನಡ ಇಟ್ಟುಕೊಂಡಿದ್ದರು. ನಮ್ಮ ಮಗಳು ನಮ್ಮ ಜೊತೆ ಆಡಿದ್ದಕ್ಕಿಂತ ಹೆಚ್ಚು ಕನ್ನಡ ಅವನ ಜೊತೆ ಆಡಿದ್ದಾಳೆ.

"ಅಮ್ಮಂಗೆ ಹೇಳ್ಬೇಡ," ಅಂದ. ಅಮ್ಮ ಅಂದರೆ ಅವನ ಅತ್ತೆ, ನನ್ನ ಹೆಂಡತಿ.

ಡಾಕ್ಟರು ಗಾಬರಿಯಾಗಿ, ಏನಂದೆ ಅಂತ ಕೇಳಿದರು. ಕನ್ನಡ ಅಂದ. ಡಾಕ್ಟರಿಗೆ ಕೇಳಿಸಿದ್ದು ಕೆನಡಾ. ಈಗ ತಾನೇ ಕ್ಯಾಲಿಫೋರ್ನಿಯಾ ಅಂದವನು ಕೆನಡಾ ಅಂತಾನಲ್ಲ ಅಂತ ಅವನನ್ನು ಮಲಗಿಸಿದರು. ಇಲ್ಲ, ಕನ್ನಡ, ಕನ್ನಡ ಅಂತ ಇವನು ಹೇಳಿದಷ್ಟೂ ಕೇಸು ಕೆಟ್ಟಿತು.

ಮಗಳು ಒಂದು ಮಾತಿನಲ್ಲಿ ಬಿಡಿಸಿ ಹೇಳಬಹುದಿತ್ತು. ಆದರೆ ಅವನು ತನ್ನ ಕಡೆ ತಿರುಗುವಾಗ ಕತ್ತನ್ನು ಹೊರಳಿಸದೆ ಇಡೀ ಮೈ ತಿರುಗಿಸಿದ್ದನ್ನು ಅವಳು ನೋಡಿದ್ದಳು. ಕನ್ನಡದ ಮಾತೆತ್ತದೆ, ತಲೆಯ ಜೊತೆ ಕತ್ತಿಗೂ ಒಂದು ಸ್ಕ್ಯಾನ್ ಮಾಡಿಸಿ ಅಂದಳು ಅಷ್ಟೆ.

ಸ್ಕ್ಯಾನಿನಲ್ಲಿ ತಲೆ ಸರಿಯಾಗಿತ್ತು, ಕತ್ತಿನ ಮೂಳೆಯಲ್ಲಿ ಬಿರುಕು. ಅದೇ ಕತ್ತು ಹೊತ್ತುಕೊಂಡು ಮತ್ತೆ ಆಡಿದ್ದರೆ ಏನಾಗುತ್ತಿತ್ತೋ ಹೇಳೋಕಾಗಲ್ಲ ಅಂದರು. ಪಟ್ಟಿ ಹಾಕಿ ಮನೆಗೆ ಕಳಿಸಿದರು. ಪೂರ್ತಿ ವಾಸಿಯಾಯಿತು. ಆಟ ಬಿಟ್ಟ.

ಬಿಡುವ ದಿನ ಪತ್ರಕರ್ತರು, ನಿಮ್ಮನ್ನು ಕಾಪಾಡಿದ್ದು ಏನು ಅಂತ ಕೇಳಿದರು. ಕಣ್ಣಲ್ಲಿ ನೀರು ತಂದುಕೊಂಡು, "ನನ್ನ ಹೆಂಡತಿಯ ಭಾಷೆ," ಅಂದ.

ಇಂಗ್ಲಿಷಿನಲ್ಲಿ ಲ್ಯಾಂಗ್ವೇಜ್ ಅಂದರೆ ಬೈಗುಳ ಅಂತಲೂ ಆಗುತ್ತದೆ, ಅವರು ಹಾಗೇ ತಿಳಿದುಕೊಂಡರು. ಹೆಂಡತಿಯ ಬೈಗುಳಕ್ಕೆ ಬೆದರಿ ಆಟ ಬಿಟ್ಟ ಕ್ವಾರ್ಟರ್‌ಬ್ಯಾಕ್ ಅಂತ ಮಾರನೇ ದಿನ ಎಲ್ಲ ಕಡೆ ಸುದ್ದಿ. ಮಗಳು ತಲೆ ಚಚ್ಚಿಕೊಂಡಳು. ನನ್ನ ಹೆಂಡತಿಗೆ ಸ್ಯಾನ್ ಹೊಸೆಯಿಂದ ಗೆಳತಿಯ ಫೋನು ಬಂತು. ಮಗಳ ಪರವಾಗಿ ಜಗಳಕ್ಕೆ ತಯಾರಾಗೇ ಎತ್ತಿಕೊಂಡಳು. ಆದರೆ ಆಕೆಯ ದನಿ ತಗ್ಗಿತ್ತು.

"ನಮ್ಮ ಅಳಿಯ ಫ್ರೀವೇನಲ್ಲಿ ಮೋಟರ್‌ಬೈಕು ಓಡಿಸೋದು ಬಿಡ್ತಾನೇ ಇಲ್ಲ ಕಣೇ. ನಿನ್ನ ಮಗಳು ಏನಂತ ಬೈದಳು, ಸ್ವಲ್ಪ ಕೇಳಿ ಹೇಳ್ತೀಯಾ?"